ಹಂಚೋ ಯಜಮಾನ ಇಲ್ಲ: 300 ಕ್ಲೈಂಟ್, 60 ಪಾಡ್, ಆದ್ರೂ ಐದಾರು ಪಾಡ್ ಮಾತ್ರ ಬೇಯ್ತಿವೆ

ಲೋಡ್_ಶೆಟ್ಟಿ
ಒಂದು ಸೇವೆ, ಅದರ 60 ಪಾಡ್ (ಅದೇ ಪ್ರೋಗ್ರಾಂನ ಓಡ್ತಿರೋ ಪ್ರತಿಗಳು), ಒಂದೊಂದಕ್ಕೆ 8 ಕೋರ್. ಅದನ್ನ ಕರೆಯೋ ಕ್ಲೈಂಟ್ ಪ್ರೊಸೆಸ್ 300. ಸೆಕೆಂಡಿಗೆ ಒಟ್ಟು 12,000 ರಿಕ್ವೆಸ್ಟ್, ಒಂದಕ್ಕೆ ಸರಾಸರಿ 20 ಮಿಲಿಸೆಕೆಂಡ್. ಮಧ್ಯೆ ಕೆಲಸ ಹಂಚೋ ಲೋಡ್ ಬ್ಯಾಲೆನ್ಸರ್ ಇಲ್ಲ, ಯಾವ ಪಾಡ್‌ಗೆ ಕಳಿಸ್ಬೇಕು ಅನ್ನೋದನ್ನ ಕ್ಲೈಂಟೇ ತೀರ್ಮಾನಿಸುತ್ತೆ. 5 ಸೆಕೆಂಡಿಗೊಂದ್ಸಲ ಎಲ್ಲ ಪಾಡ್‌ಗಳ ಸಿಪಿಯು ಪಟ್ಟಿ ಎಲ್ಲ ಕ್ಲೈಂಟ್‌ಗೂ ಬರುತ್ತೆ. ಸಿಪಿಯು ಕಡಿಮೆ ಇದ್ದಷ್ಟೂ ಆ ಪಾಡ್‌ಗೆ ಪಾಲು ಜಾಸ್ತಿ.

ಸರಾಸರಿ ಸಿಪಿಯು 50%. ಆದ್ರೆ ಯಾವಾಗ ನೋಡಿದ್ರೂ ಐದಾರು ಪಾಡ್ 95 ದಾಟಿರುತ್ತವೆ. ಸ್ವಲ್ಪ ಹೊತ್ತು ಬಿಟ್ಟು ನೋಡಿದ್ರೆ ಅವು ತಣ್ಣಗಾಗಿ ಬೇರೆ ಐದಾರು ಕಾದಿರುತ್ತವೆ. ಪಿ99 (ನೂರರಲ್ಲಿ 99 ರಿಕ್ವೆಸ್ಟ್ ಇಷ್ಟರೊಳಗೆ ಮುಗೀತವೆ ಅನ್ನೋ ಸಮಯ) ಅಂತೂ ಗರಗಸದ ಹಲ್ಲು.

ಎರಡು ದಾರಿ ಕಾಣ್ತಿದೆ. ಒಂದು, ಪಟ್ಟಿಯನ್ನ 1 ಸೆಕೆಂಡಿಗೊಂದ್ಸಲ ಕಳಿಸೋದು. ಇನ್ನೊಂದು, ಮಧ್ಯದಲ್ಲಿ ದೊಡ್ಡದೊಂದು ಬ್ಯಾಲೆನ್ಸರ್ ಕೂರಿಸೋದು. ಯಾವುದು?

ಸಾಲಲ್ಲಿ_ನಿಂತವ
ಎರಡೂ ಅಲ್ಲ. 300 ಜನರ ಕೈಗೂ ಒಂದೇ ಚೀಟಿ ಕೊಟ್ಟು "ಖಾಲಿ ಇರೋ ಕೌಂಟರಿಗೆ ಹೋಗಿ" ಅಂದ್ರೆ ಅಷ್ಟೂ ಜನ ಆ ಕೌಂಟರ್ ಮುಂದೆಯೇ ಸಾಲು ಕಟ್ತಾರೆ.

ಗಣಿತದ_ಮೇಡಂ
ಸಾಲಿನವರು ಹೇಳಿದ್ದೇ ಸರಿ, ಲೆಕ್ಕದ ಜೊತೆ ಹೇಳ್ತೀನಿ. ನಿಮ್ಮ ರಿಕ್ವೆಸ್ಟ್ ಬಾಳೋದು 20 ಮಿಲಿಸೆಕೆಂಡ್, ಪಟ್ಟಿಯ ವಯಸ್ಸು 5 ಸೆಕೆಂಡ್ ತನಕ ಹೋಗುತ್ತೆ. ಅಂದ್ರೆ 250 ರಿಕ್ವೆಸ್ಟ್‌ಗಳ ಆಯುಸ್ಸಿನಷ್ಟು ಹಳೇ ಸುದ್ದಿ. 1 ಸೆಕೆಂಡಿಗೆ ಇಳಿಸಿದ್ರೂ 50 ಆಯುಸ್ಸು. ಅಲೆ ಸಣ್ಣದಾಗುತ್ತೆ, ನಿಲ್ಲಲ್ಲ. ಸುದ್ದಿ ಇಷ್ಟು ಹಳೇದಾದಾಗ "ಎಲ್ಲಕ್ಕಿಂತ ಖಾಲಿ" ಅಂತ ಹುಡುಕಿ ಕಳಿಸೋದು, ಕಣ್ಣು ಮುಚ್ಚಿ ಯಾವುದಕ್ಕೋ ಕಳಿಸೋದಕ್ಕಿಂತ ಕೆಟ್ಟದಾಗಬಹುದು. ಮೈಕಲ್ ಮಿಟ್ಜೆನ್‌ಮಾಕರ್ ಇದನ್ನ 90ರ ದಶಕದಲ್ಲೇ ಲೆಕ್ಕ ಹಾಕಿ ತೋರಿಸಿದ್ದಾರೆ.

ಮದ್ದು ಅಂದ್ರೆ "ಎರಡು ಆಯ್ಕೆ" ವಿಧಾನ. ರ‍್ಯಾಂಡಮ್ ಆಗಿ ಎರಡೇ ಪಾಡ್ ಎತ್ಕೊಳ್ಳಿ, ಅವೆರಡರಲ್ಲಿ ಹಗುರ ಇರೋದಕ್ಕೆ ಕಳಿಸಿ. ಅಜರ್, ಬ್ರೋಡರ್, ಕಾರ್ಲಿನ್, ಅಪ್‌ಫಾಲ್ 1994ರಲ್ಲಿ ಚೆಂಡು-ಡಬ್ಬಿ ಲೆಕ್ಕದಲ್ಲಿ ಇದನ್ನ ಸಾಧಿಸಿದ್ರು. ಸಾಲಿನ ಲೆಕ್ಕದಲ್ಲಿ ನೋಡೋಣ. ಒಬ್ಬನೇ ಕೆಲಸಗಾರ ಇರೋ ಸರ್ವರ್‌ಗಳು, ಲೋಡ್ 90%:

ಒಂದೇ ಆಯ್ಕೆ, ಪೂರ್ತಿ ರ‍್ಯಾಂಡಮ್: ಸರ್ವರ್‌ನಲ್ಲಿ 5 ಅಥವಾ ಹೆಚ್ಚು ರಿಕ್ವೆಸ್ಟ್ ಇರೋ ಸಂಭವ 0.9ರ 5ನೇ ಘಾತ, ಹತ್ತಿರ ಹತ್ತಿರ 59%.
ಎರಡು ಆಯ್ಕೆ: 0.9ರ 31ನೇ ಘಾತ, ಬರೀ 3.8%.

ಸರಾಸರಿ ಸಾಲು 9ರಿಂದ 2.35ಕ್ಕೆ ಬೀಳುತ್ತೆ. ಮೂರನೇದನ್ನ ನೋಡಿದ್ರೆ ಇನ್ನೂ ಸ್ವಲ್ಪ ಸಿಗುತ್ತೆ, ಆದ್ರೆ ಮೊದಲ ಜಿಗಿತದ ಮುಂದೆ ಅದು ಚಿಲ್ಲರೆ.

ಕುಬೇರ_ಕ್ಲಸ್ಟರ್
ಕೋಡ್ ಬರೆಯೋದೂ ಬೇಡ, ರಿಕ್ವೆಸ್ಟ್ ಹಂಚೋ ರೆಡಿಮೇಡ್ ಪ್ರಾಕ್ಸಿಗಳಲ್ಲೇ ಇದೆ. ಎನ್ವಾಯ್‌ನ ಲೀಸ್ಟ್ ರಿಕ್ವೆಸ್ಟ್ ಮಾಡೋದು ಇದನ್ನೇ, ತೂಕ ಎಲ್ಲ ಸಮ ಇದ್ರೆ ಡೀಫಾಲ್ಟ್ ಎರಡು ಆಯ್ಕೆ. ಎಂಜಿನ್‌ಎಕ್ಸ್‌ನಲ್ಲಿ 1.15.1ರಿಂದ "ರ‍್ಯಾಂಡಮ್ ಟೂ ಲೀಸ್ಟ್ ಕಾನ್" ಅಂತ ಒಂದು ಸಾಲು. ಎಚ್‌ಎ ಪ್ರಾಕ್ಸಿಯಲ್ಲೂ ಇದೆ. ಹಾಕಿ, ಮುಗೀತು.

ಪಿ99_ಪೇಚಾಟ
ಮುಗೀಲಿಲ್ಲ ಗುರೂ, ಇಲ್ಲೇ ಎಲ್ರೂ ಎಡವೋದು. ಮೇಡಂ ಲೆಕ್ಕದಲ್ಲಿ ಆರಿಸೋನಿಗೆ ಸರ್ವರ್‌ನ ನಿಜವಾದ ಸಾಲು ಕಾಣುತ್ತೆ. ನೀವು ಹೇಳೋ ಲೀಸ್ಟ್ ರಿಕ್ವೆಸ್ಟ್‌ನಲ್ಲಿ ಕಾಣೋದು *ತಾನು* ಕಳಿಸಿ ಇನ್ನೂ ಉತ್ತರ ಬರದೇ ಇರೋ ಎಣಿಕೆ ಮಾತ್ರ.

ಶೆಟ್ರ ಸಂಖ್ಯೆಗಳನ್ನೇ ತಗೊಳ್ಳಿ. 12,000 × 0.02 = 240 ರಿಕ್ವೆಸ್ಟ್ ಯಾವುದೇ ಕ್ಷಣದಲ್ಲಿ ಹಾರಾಟದಲ್ಲಿರುತ್ತವೆ. 300 ಕ್ಲೈಂಟ್‌ಗೆ ಹಂಚಿದ್ರೆ ತಲೆಗೆ 0.8. ಅದನ್ನ 60 ಪಾಡ್‌ಗೆ ಹರಡಿದ್ರೆ 0.013. ಕ್ಲೈಂಟ್ ಎರಡು ಪಾಡ್ ಎತ್ತಿ ಹೋಲಿಸಿದಾಗ ಬಹುತೇಕ ಸಲ ಕಾಣೋದು "ಸೊನ್ನೆ, ಸೊನ್ನೆ". ಅದು ನಾಣ್ಯ ಚಿಮ್ಮೋದೇ. ಎರಡು ಆಯ್ಕೆ ಅಂತ ಹೆಸರು, ಕೆಲಸ ರ‍್ಯಾಂಡಮ್‌ದು.

ಆರಿಸೋರು ಹತ್ತಿಪ್ಪತ್ತು ಪ್ರಾಕ್ಸಿ ಇದ್ದು ಒಬ್ಬೊಬ್ಬರ ಕೈಯಲ್ಲಿ ನೂರಾರು ರಿಕ್ವೆಸ್ಟ್ ಇದ್ದಾಗ ಸ್ಥಳೀಯ ಎಣಿಕೆಗೆ ಅರ್ಥ ಇದೆ. ಸೈಡ್‌ಕಾರ್ ಲೆಕ್ಕದಲ್ಲಿ ಪ್ರತಿ ಕ್ಲೈಂಟ್ ಪಕ್ಕ ಒಂದೊಂದು ಪ್ರಾಕ್ಸಿ ಕೂತಾಗ ಇಲ್ಲ.

ಕುಬೇರ_ಕ್ಲಸ್ಟರ್
ಒಪ್ಪಿದೆ. ಹಾಗಾದ್ರೆ ಪಾಡ್ ತನ್ನ ಲೋಡ್ ತಾನೇ ಹೇಳ್ಬೇಕು.

ಪಿ99_ಪೇಚಾಟ
ಹೌದು, ಅದೂ ಬೇರೆ ಚಾನೆಲ್‌ನಲ್ಲಿ ಅಲ್ಲ, ಪ್ರತಿ ಉತ್ತರದ ಮುಂದೆ ಅಂಟಿ ಬರೋ ಹೆಡರ್‌ನಲ್ಲಿ. "ಈಗ ನನ್ನ ಹತ್ರ ಇಷ್ಟು ನಡೀತಿದೆ" ಅಂತ ಒಂದೇ ಸಂಖ್ಯೆ. ನೆಟ್‌ಫ್ಲಿಕ್ಸ್ 2018ರಲ್ಲಿ ತನ್ನ ರಿಕ್ವೆಸ್ಟ್‌ಗಳ ಹೆಬ್ಬಾಗಿಲಾದ ಜೂಲ್ ಗೇಟ್‌ವೇಗೆ ಮಾಡಿದ್ದು ಇದನ್ನೇ: ಎರಡು ಆಯ್ಕೆ, ಸರ್ವರ್ ಹೇಳಿದ ಬಳಕೆ, ಗೇಟ್‌ವೇಯ ಸ್ವಂತ ಎಣಿಕೆ, ಎಲ್ಲ ಸೇರಿಸಿ ಒಂದು ಅಂಕ.

ಲೋಡ್_ಶೆಟ್ಟಿ
ಅದೂ ಹಳೇ ಸುದ್ದಿಯೇ ಆಗಲ್ವಾ? ಒಂದು ಕ್ಲೈಂಟ್ ಸೆಕೆಂಡಿಗೆ ಕಳಿಸೋದೇ 40. 60 ಪಾಡ್ ಅಂದ್ರೆ ಒಂದು ಪಾಡ್‌ನ ಮುಖ ನೋಡೋದು 1.5 ಸೆಕೆಂಡಿಗೊಂದ್ಸಲ.

ಗಣಿತದ_ಮೇಡಂ
ಒಳ್ಳೇ ಪ್ರಶ್ನೆ. ಆಗುತ್ತೆ, ಆದ್ರೆ ಜಾತಿ ಬೇರೆ. ನಿಮ್ಮ ಪಟ್ಟಿ 300 ಜನಕ್ಕೂ *ಒಟ್ಟಿಗೆ* ಬರುತ್ತೆ, ಒಟ್ಟಿಗೆ ಹಳಸುತ್ತೆ. ಹೆಡರ್ ಸುದ್ದಿ ಒಬ್ಬೊಬ್ಬರಿಗೆ ಒಂದೊಂದು ಕ್ಷಣದಲ್ಲಿ ಬಂದಿರುತ್ತೆ, ಅದಕ್ಕೆ ಎಲ್ರೂ ಒಂದೇ ಕಡೆ ವಾಲಲ್ಲ. ಜೊತೆಗೆ ಆರಿಸೋದು ಎರಡರಲ್ಲಿ ಒಂದು, 60ರಲ್ಲಿ ಒಂದಲ್ಲ. ಹಾಗಾಗಿ ಸುದ್ದಿ ತಪ್ಪಿದ್ರೂ ಹಾನಿಗೆ ಮಿತಿ ಇದೆ.

1.5 ಸೆಕೆಂಡ್ ಜಾಸ್ತಿ ಅನ್ಸಿದ್ರೆ ಕ್ಲೈಂಟ್ 60ನ್ನೂ ನೋಡೋದು ಬೇಡ. 12 ಸಾಕು. ಆಗ ಒಂದೊಂದನ್ನ 0.3 ಸೆಕೆಂಡಿಗೊಂದ್ಸಲ ನೋಡುತ್ತೆ. ಕನೆಕ್ಷನ್ ಸಂಖ್ಯೆಯೂ 18,000ದಿಂದ 3,600ಕ್ಕೆ ಇಳಿಯುತ್ತೆ.

ಪ್ಯಾಕೆಟ್_ಪುಟ್ಟ
ಆ 12ನ್ನ ರ‍್ಯಾಂಡಮ್ ಆಗಿ ಮಾತ್ರ ಆರಿಸ್ಬೇಡಿ! ಪ್ರತಿ ಪಾಡ್‌ಗೆ ಸರಾಸರಿ 60 ಕ್ಲೈಂಟ್ ಸಿಗುತ್ತೆ ನಿಜ, ಆದ್ರೆ ಹರಡು (ಸ್ಟಾಂಡರ್ಡ್ ಡೀವಿಯೇಶನ್) ಹತ್ತಿರ 7. ಯಾವುದೋ ಪಾಡ್‌ಗೆ 45, ಇನ್ಯಾವುದಕ್ಕೋ 75. ಆಮೇಲೆ ಎಂಥಾ ಬುದ್ಧಿವಂತ ಆಯ್ಕೆ ಮಾಡಿದ್ರೂ ಬುಡವೇ ಓರೆ.

ಗೂಗಲ್‌ನ ಎಸ್‌ಆರ್‌ಇ (ಸೇವೆ ಬೀಳದ ಹಾಗೆ ನೋಡ್ಕೊಳ್ಳೋ ಎಂಜಿನಿಯರಿಂಗ್) ಪುಸ್ತಕದಲ್ಲಿರೋ ನಿಗದಿತ ಉಪಗಣದ ವಿಧಾನ ಹಾಕಿ. 60 ಪಾಡ್ ÷ 12 = 5 ಗುಂಪು. ಕ್ಲೈಂಟ್‌ಗಳಿಗೆ 0ಯಿಂದ 299 ನಂಬರ್. ನಂಬರನ್ನ 5ರಿಂದ ಭಾಗಿಸಿದಾಗ ಬರೋ ಭಾಗಲಬ್ಧ ಸುತ್ತಿನ ಸಂಖ್ಯೆ. ಅದನ್ನ ಬೀಜವಾಗಿ (ಬೀಜ ಒಂದೇ ಇದ್ರೆ ಕಲಸಿದ ಕ್ರಮವೂ ಎಲ್ರಿಗೂ ಒಂದೇ) ಇಟ್ಕೊಂಡು 60 ಪಾಡ್‌ಗಳ ಪಟ್ಟಿ ಕಲಸಿ. ಶೇಷ ಯಾವುದೋ ಆ ನಂಬರಿನ ಗುಂಪು ನಿಮ್ಮದು. ಒಂದು ಸುತ್ತಿನ 5 ಕ್ಲೈಂಟ್ ಸೇರಿ 60 ಪಾಡ್‌ನ್ನೂ ಒಂದೊಂದ್ಸಲ ಮುಟ್ತಾರೆ, 60 ಸುತ್ತಿಗೆ ಪ್ರತಿ ಪಾಡ್‌ಗೆ ಸರಿಯಾಗಿ 60 ಕ್ಲೈಂಟ್. ಕ್ಲೈಂಟ್‌ಗಳು ಒಬ್ಬರ ಜೊತೆ ಒಬ್ಬರು ಒಂದು ಮಾತೂ ಆಡ್ಬೇಕಿಲ್ಲ.

ಪಟ್ಟಿಯನ್ನ ಎಲ್ರೂ ಒಂದೇ ಕ್ರಮದಲ್ಲಿ ಸಾರ್ಟ್ ಮಾಡಿ ಶುರು ಮಾಡ್ಬೇಕು, ಮರೀಬೇಡಿ. ಡಿಎನ್‌ಎಸ್ (ಹೆಸರು ಕೊಟ್ರೆ ವಿಳಾಸ ಹೇಳೋ ವ್ಯವಸ್ಥೆ) ಉತ್ತರ ಒಬ್ಬೊಬ್ಬರಿಗೆ ಒಂದೊಂದು ಕ್ರಮದಲ್ಲಿ ಬರುತ್ತೆ, ಹಾಗೇ ಕಲಸಿದ್ರೆ ಲೆಕ್ಕ ಪೂರ್ತಿ ಗಾಳಿಗೆ.

ಎಡದಂಡೆ_ಕಾಲುವೆ
ಇಷ್ಟೆಲ್ಲ ಸರ್ಕಸ್ ಯಾಕ್ರೀ? ಒಬ್ಬ ನೀರಗಂಟಿ ಇಟ್ರೆ ಆಯ್ತಪ್ಪ. ಕೆರೆ ತೂಬು ಎತ್ತೋನು ಒಬ್ಬ, ಯಾರ ಗದ್ದೆಗೆ ಎಷ್ಟೊತ್ತು ಅಂತ ಅವನೇ ನೋಡ್ಕೋತಿದ್ದ. ತಾವೇ ತಿರುಗಿಸ್ಕೊಳ್ಳಿ ಅಂತ ಬಿಟ್ರೆ ಏನಾಗುತ್ತೆ ಅನ್ನೋದನ್ನ ತುಂಗಭದ್ರಾ ಎಡದಂಡೆಯಲ್ಲಿ ನೋಡಿ. ಗಂಗಾವತಿ ಕಡೆ ಮೇಲ್ಭಾಗದಲ್ಲಿ ಭತ್ತ, ಮಾನ್ವಿ-ಸಿರವಾರ ಕಡೆ ಕೊನೆ ಭಾಗದವರು ಕಾಲುವೆ ದಂಡೆಯಲ್ಲಿ ಧರಣಿ.

ಸಾಲಲ್ಲಿ_ನಿಂತವ
ಕಾಲುವೆಯಲ್ಲಿ ನೀರು ಒಂದೇ ದಿಕ್ಕಿಗೆ ಹರಿಯುತ್ತೆ ಸ್ವಾಮಿ. ಮೇಲಿನವನು ತಗೊಂಡಿದ್ದು ಕೆಳಗಿನವನಿಗೆ ಇಲ್ಲ. ಇಲ್ಲಿ ಯಾವ ಕ್ಲೈಂಟೂ ಮೇಲ್ಭಾಗದಲ್ಲಿಲ್ಲ.

ಎಡದಂಡೆ_ಕಾಲುವೆ
ಇಲ್ಲ ಅಂತ ಯಾರು ಹೇಳಿದ್ರು? ಕೋಟಾ ಇಲ್ದೇ ಬಿಡಿ, ಜೋರಾಗಿ ರೀಟ್ರೈ ಮಾಡೋನೇ (ಉತ್ತರ ಬರದಿದ್ರೆ ಮತ್ತೆ ಮತ್ತೆ ಕೇಳೋನೇ) ಮೇಲ್ಭಾಗದವನು.

ಸಾಲಲ್ಲಿ_ನಿಂತವ
...ಇದು ಮಾತ್ರ ಸರಿಯಾಗಿ ಬಿತ್ತು 😄

ಪ್ಯಾಕೆಟ್_ಪುಟ್ಟ
ಯಜಮಾನ ಇಲ್ಲದ ಹಂಚಿಕೆ ನಡೆಯಲ್ಲ ಅನ್ನೋರು ಒಮ್ಮೆ ಟಿಸಿಪಿ (ಇಂಟರ್‌ನೆಟ್‌ನಲ್ಲಿ ಡೇಟಾ ಸಾಗಿಸೋ ನಿಯಮ) ನೋಡಿ. ಇಂಟರ್‌ನೆಟ್‌ನಲ್ಲಿ ಯಾರಿಗೆ ಎಷ್ಟು ಬ್ಯಾಂಡ್‌ವಿಡ್ತ್ ಅಂತ ಹೇಳೋ ನೀರಗಂಟಿ ಯಾರೂ ಇಲ್ಲ. 1986ರ ಅಕ್ಟೋಬರಿನಲ್ಲಿ ಲಾರೆನ್ಸ್ ಬರ್ಕ್ಲಿ ಲ್ಯಾಬ್‌ಗೂ ಬರ್ಕ್ಲಿ ವಿಶ್ವವಿದ್ಯಾಲಯಕ್ಕೂ ಮಧ್ಯೆ ವೇಗ ಸೆಕೆಂಡಿಗೆ 32 ಕಿಲೋಬಿಟ್‌ನಿಂದ 40 ಬಿಟ್‌ಗೆ ಕುಸೀತು. ಮಧ್ಯದ ದೂರ ಬರೀ 400 ಗಜ. ಪರಿಹಾರ ಬಂದಿದ್ದು ಮಧ್ಯದಿಂದಲ್ಲ, ತುದಿಯಿಂದ. ವ್ಯಾನ್ ಜೇಕಬ್ಸನ್ 1988ರಲ್ಲಿ ಬರೆದ ಹಾಗೆ ಕಳಿಸೋನೇ ಪ್ಯಾಕೆಟ್ ಕಳೆದ್ರೆ ಅರ್ಧಕ್ಕೆ ಇಳೀಬೇಕು, ಸರಿಹೋದ್ರೆ ಸ್ವಲ್ಪ ಸ್ವಲ್ಪವೇ ಏರ್ಬೇಕು. ಏರೋದು ಕೂಡಿಸಿ, ಇಳಿಯೋದು ಗುಣಿಸಿ. ಹಾಗೆ ಮಾಡಿದ್ರೆ ಎಲ್ರ ಪಾಲೂ ಸಮದ ಕಡೆ ಸರಿಯುತ್ತೆ ಅಂತ ಚಿಯು ಮತ್ತು ಜೈನ್ 1989ರಲ್ಲಿ ತೋರಿಸಿದ್ರು.

ನೆಟ್‌ಫ್ಲಿಕ್ಸ್‌ನ ಕನ್‌ಕರೆನ್ಸಿ ಲಿಮಿಟ್ಸ್ ಲೈಬ್ರರಿ ಇದೇ ಕುಲದ್ದು. ಲೇಟೆನ್ಸಿ (ಉತ್ತರಕ್ಕೆ ತಗಲೋ ಸಮಯ) ಏರಿದ್ರೆ ಒಟ್ಟಿಗೆ ಓಡೋ ರಿಕ್ವೆಸ್ಟ್‌ಗಳ ಮಿತಿ ತಾನೇ ಇಳಿಯುತ್ತೆ.

ಪಿ99_ಪೇಚಾಟ
ಕಾಲುವೆಯವರ ರೀಟ್ರೈ ಮಾತಿಗೆ ಬರ್ತೀನಿ, ನಿಜವಾದ ಅನಾಹುತ ಅಲ್ಲೇ ಇರೋದು. ಮೂರು ಪದರ ಇದೆ, ಪ್ರತಿ ಪದರವೂ ಒಟ್ಟು 4 ಸಲ ಪ್ರಯತ್ನಿಸುತ್ತೆ ಅನ್ಕೊಳ್ಳಿ. ಬಳಕೆದಾರ ಒಂದ್ಸಲ ಒತ್ತಿದ್ದು ತಳದ ಡೇಟಾಬೇಸ್‌ಗೆ 4 × 4 × 4 = 64 ಆಗಿ ಬಡಿಯುತ್ತೆ. ಡೇಟಾಬೇಸ್ ಮೊದಲೇ ಸೋತಿರೋ ಹೊತ್ತಿಗೆ. ಮೂಲ ಕಾರಣ ಹೋದ ಮೇಲೂ ರೀಟ್ರೈ ಭಾರಕ್ಕೇ ವ್ಯವಸ್ಥೆ ಬಿದ್ದುಕೊಂಡೇ ಇರುತ್ತೆ.

ಮಾಡ್ಬೇಕಾಗಿರೋದು:

ರೀಟ್ರೈ ಒಂದೇ ಪದರದಲ್ಲಿ, ಬಿದ್ದ ಸೇವೆಯ ನೇರ ಮೇಲಿನ ಪದರದಲ್ಲಿ. ಮಿಕ್ಕವರು "ಓವರ್‌ಲೋಡ್, ಮತ್ತೆ ಕೇಳ್ಬೇಡ" ಅನ್ನೋ ಎರರ್ ಮೇಲಕ್ಕೆ ದಾಟಿಸಿದ್ರೆ ಸಾಕು.

ಒಂದು ರಿಕ್ವೆಸ್ಟ್‌ಗೆ ಹೆಚ್ಚೆಂದ್ರೆ 3 ಪ್ರಯತ್ನ. ಅದರ ಮೇಲೆ ಪ್ರತಿ ಕ್ಲೈಂಟ್‌ಗೆ ಬಜೆಟ್: ಒಟ್ಟು ಟ್ರಾಫಿಕ್‌ನಲ್ಲಿ ರೀಟ್ರೈ 10% ದಾಟಬಾರದು. ಬರೀ 3ರ ಮಿತಿ ಇದ್ರೆ ಸರ್ವರ್ ಪೂರ್ತಿ ಬಿದ್ದಾಗ ಭಾರ 3 ಪಟ್ಟು. ಬಜೆಟ್ ಇದ್ರೆ ಸುಮಾರು 1.1 ಪಟ್ಟು.

ಕ್ಲೈಂಟ್ ತನ್ನನ್ನ ತಾನೇ ತಡೀಬೇಕು. ಕಳೆದ 2 ನಿಮಿಷದಲ್ಲಿ ಕಳಿಸಬೇಕೆಂದಿದ್ದು ಎಷ್ಟು, ಸರ್ವರ್ ಒಪ್ಪಿದ್ದು ಎಷ್ಟು ಅಂತ ಎರಡೇ ಎಣಿಕೆ. ಕಳಿಸಬೇಕೆಂದಿದ್ದರಿಂದ ಒಪ್ಪಿದ್ದರ 2 ಪಟ್ಟು ಕಳೀರಿ, (ಕಳಿಸಬೇಕೆಂದಿದ್ದು + 1)ರಿಂದ ಭಾಗಿಸಿ. ಉತ್ತರ ಸೊನ್ನೆಗಿಂತ ಹೆಚ್ಚಿದ್ರೆ ಅಷ್ಟು ಸಂಭವದಲ್ಲಿ ರಿಕ್ವೆಸ್ಟನ್ನ ಮನೆಯಲ್ಲೇ ಕೊಂದುಬಿಡಿ. 1000ದಲ್ಲಿ 300 ಒಪ್ಪಿದ್ರೆ (1000 − 600) ÷ 1001, ಅಂದ್ರೆ 40% ತಂತಿಗೇ ಇಳಿಯಲ್ಲ.

ಲೋಡ್_ಶೆಟ್ಟಿ
ಆ 2 ಯಾಕೆ? 1.1 ಇಟ್ರೆ ಇನ್ನೂ ಉಳಿತಾಯ ಅಲ್ವಾ?

ಪಿ99_ಪೇಚಾಟ
ಉಳಿತಾಯವೇ. ಆದ್ರೆ ಸರ್ವರ್ ಚೇತರಿಸಿಕೊಂಡಿದ್ದು ಕ್ಲೈಂಟ್‌ಗೆ ತಡವಾಗಿ ಗೊತ್ತಾಗುತ್ತೆ. 2 ಇದ್ರೆ ಒಪ್ಪಿದ ಒಂದಕ್ಕೆ ತಿರಸ್ಕಾರ ಆಗೋ ಒಂದು ಜೊತೆಗೆ ಹೋಗ್ತಾ ಇರುತ್ತೆ, ಅದೇ ಬಾಗಿಲು ತಟ್ಟಿ ನೋಡೋದು. "ಇಲ್ಲ" ಅನ್ನೋಕೇ ಸರ್ವರ್‌ಗೆ ದುಬಾರಿ ಆಗೋ ಕಡೆ ಮಾತ್ರ ಕಡಿಮೆ ಮಾಡಿ.

ಹೊಸ_ಪಾಡ್
ವಿಷಯ ಸ್ವಲ್ಪ ಬೇರೆ, ಕ್ಷಮಿಸಿ. ನಮ್ಮ ಸೇವೆಗಳು ಒಂದನ್ನೊಂದು ಕರೆಯೋದು ಜಿಆರ್‌ಪಿಸಿಯಲ್ಲಿ, ಪಾಡ್‌ಗಳನ್ನ ಓಡಿಸೋದು ಕುಬರ್ನೆಟೀಸ್. ಆಟೋಸ್ಕೇಲ್ ಆಗಿ 10 ಪಾಡ್ 20 ಆದ್ರೂ ಹೊಸ ಹತ್ತು ಸುಮ್ನೆ ಕೂತಿರುತ್ತವೆ. ಇದೂ ಇದೇ ರೋಗವಾ?

ಕುಬೇರ_ಕ್ಲಸ್ಟರ್
ಅಲ್ಲ, ಇದು ಬೇರೆ. ಕುಬರ್ನೆಟೀಸ್ ಒಳಗಿನ ಕ್ಯೂಬ್ ಪ್ರಾಕ್ಸಿ ಹಂಚೋದು ಕನೆಕ್ಷನ್‌ನ, ರಿಕ್ವೆಸ್ಟ್‌ನ ಅಲ್ಲ. ಜಿಆರ್‌ಪಿಸಿ ಎಚ್‌ಟಿಟಿಪಿ/2 ಮೇಲೆ ಒಂದೇ ಕನೆಕ್ಷನ್ ತೆಗೆದು ಅದರಲ್ಲೇ ಎಲ್ಲ ಓಡಿಸುತ್ತೆ, ಬಿಡೋದೇ ಇಲ್ಲ. ಹೊಸ ಪಾಡ್ ಹುಟ್ಟಿದ್ದು ಯಾರಿಗೂ ಬೇಕಾಗಿಲ್ಲ.

ಸರ್ವಿಸ್‌ನ ಹೆಡ್‌ಲೆಸ್ ಮಾಡಿ (ಒಂದೇ ವಿಳಾಸದ ಬದಲು ಎಲ್ಲ ಪಾಡ್‌ಗಳ ವಿಳಾಸ ಸಿಗೋ ಹಾಗೆ), ವಿಳಾಸ ಡಿಎನ್‌ಎಸ್ ರಿಸಾಲ್ವರ್ ಮೂಲಕ ಕೊಡಿ, ಡೀಫಾಲ್ಟ್ ಪಿಕ್ ಫಸ್ಟ್ (ಸಿಕ್ಕ ಮೊದಲನೇದಕ್ಕೇ ಎಲ್ಲ) ಬಿಟ್ಟು ರೌಂಡ್ ರಾಬಿನ್ (ಸರದಿಯಂತೆ) ಹಾಕಿ. ಇಷ್ಟಕ್ಕೇ ನಿಲ್ಲಿಸ್ಬೇಡಿ. ಕನೆಕ್ಷನ್ ಕಡಿಯೋ ತನಕ ಅದು ಡಿಎನ್‌ಎಸ್‌ನ ಮತ್ತೆ ಕೇಳಲ್ಲ. ಅದಕ್ಕೆ ಸರ್ವರ್ ಕಡೆ ಮ್ಯಾಕ್ಸ್ ಕನೆಕ್ಷನ್ ಏಜ್ 5 ನಿಮಿಷ ಇಡಿ, ಗ್ರೇಸ್ (ನಡೀತಿರೋ ಕರೆ ಮುಗಿಸೋಕೆ ಕೊಡೋ ಸಮಯ) ನಿಮ್ಮ ಅತಿ ಉದ್ದದ ಕರೆಗಿಂತ ಸ್ವಲ್ಪ ಜಾಸ್ತಿ. ಎಲ್ಲ ಕನೆಕ್ಷನ್ ಒಟ್ಟಿಗೆ ಕಡಿದು ಬೀಳದ ಹಾಗೆ 10% ಆಚೆ ಈಚೆ ಅದೇ ಮಾಡ್ಕೊಳ್ಳುತ್ತೆ.

ಹೊಸ_ಪಾಡ್
ಸೂಪರ್. ಧನ್ಯವಾದ ಸಾರ್.

ಸಾಲಲ್ಲಿ_ನಿಂತವ
ಹೊಸ ಪಾಡ್‌ದು ಉಲ್ಟಾ ಸಮಸ್ಯೆಯೂ ಇದೆ. ಲೀಸ್ಟ್ ರಿಕ್ವೆಸ್ಟ್ ಇದ್ದಾಗ ಆಗ ತಾನೇ ಎದ್ದ ಪಾಡ್ ಎಲ್ಲರಿಗೂ "ಖಾಲಿ". ಜಾವಾ ಇನ್ನೂ ಬೆಚ್ಚಗಾಗಿಲ್ಲ, ಕ್ಯಾಶ್ ಬರಿದು, ಮೇಲಿಂದ ಜಡಿಮಳೆ. ಎನ್ವಾಯ್‌ನಲ್ಲಿ ಸ್ಲೋ ಸ್ಟಾರ್ಟ್ ಕಿಟಕಿ ಕೊಟ್ಟು ತೂಕ ಮೆಲ್ಲಗೆ ಏರ್ಸಿ.

ಪ್ಯಾಕೆಟ್_ಪುಟ್ಟ
ಅದಕ್ಕಿಂತ ಅಪಾಯ ಕೆಟ್ಟ ಪಾಡ್. ಡೇಟಾಬೇಸ್ ಪಾಸ್‌ವರ್ಡ್ ತಪ್ಪಿರೋ ಪಾಡ್ 1 ಮಿಲಿಸೆಕೆಂಡಿನಲ್ಲಿ 500 ನಂಬರಿನ ಎರರ್ ಕೊಡುತ್ತೆ. ಸಾಲು ಯಾವಾಗಲೂ ಖಾಲಿ, ಲೇಟೆನ್ಸಿ ಅದ್ಭುತ. ಎಲ್ರೂ ಅದನ್ನೇ ಪ್ರೀತಿಸ್ತಾರೆ, ಟ್ರಾಫಿಕ್ ಪೂರ್ತಿ ಆ ಬಾವಿಗೆ ಬೀಳುತ್ತೆ. ಎರರ್ ಬಂದ್ರೆ ಅಂಕಕ್ಕೆ ದಂಡ ಹಾಕಲೇಬೇಕು. ಎನ್ವಾಯ್ ಔಟ್‌ಲೈಯರ್ ಡಿಟೆಕ್ಷನ್ ಆನ್ ಮಾಡಿದ್ರೆ ಡೀಫಾಲ್ಟ್‌ನಲ್ಲಿ ಸತತ 5 ಸಲ 5xx (ಸರ್ವರ್ ಕಡೆಯ ಎರರ್) ಬಂದ ಪಾಡ್‌ನ 30 ಸೆಕೆಂಡ್ ಹೊರಗೆ ಕೂರಿಸುತ್ತೆ. ಗರಿಷ್ಠ 10% ಪಾಡ್ ಮಾತ್ರ ಹೊರಗೆ ಅನ್ನೋ ಮಿತಿಯೂ ಇದೆ. ಅದನ್ನ 100 ಮಾಡ್ಬೇಡಿ. ತಪ್ಪು ಹಿಂದಿನ ಡೇಟಾಬೇಸ್‌ದಾದ್ರೆ ಎಲ್ಲ ಪಾಡ್‌ನೂ ಹೊರಹಾಕಿಬಿಡುತ್ತೆ.

ಎಡದಂಡೆ_ಕಾಲುವೆ
ನೀವೆಲ್ಲ ಸೇರಿ ನನ್ನ ಮಾತು ಮುಗಿಸೋಕೆ ಬಿಡ್ಲಿಲ್ಲ. ಲೋಡ್ ಹಂಚೋದನ್ನ ತುದಿಗೆ ಬಿಡಿ, ಒಪ್ತೀನಿ. ಆದ್ರೆ ಎಷ್ಟು ಪಾಡ್ ಬೇಕು, ಯಾರಿಗೆ ಎಷ್ಟು ಕೋಟಾ, ಇದನ್ನ ಯಾರೋ ಒಬ್ಬರು ಮೊದಲೇ ಕೂತು ಲೆಕ್ಕ ಹಾಕ್ಲೇಬೇಕು. 2019ರ ವಿಶ್ವಕಪ್ ಸೆಮಿಫೈನಲ್ ದಿನ ಹಾಟ್‌ಸ್ಟಾರ್‌ನಲ್ಲಿ ಒಟ್ಟಿಗೆ 2.53 ಕೋಟಿ ಜನ ಇದ್ರು. ಧೋನಿ ಔಟಾದ ಕ್ಷಣ ವಿಡಿಯೋ ಬಿಟ್ಟು ಬ್ಯಾಕ್ ಒತ್ತಿದವರೆಲ್ಲ ಬೀಳೋದು ಹೋಮ್ ಪೇಜ್ ಮೇಲೆ. ಸಿಪಿಯು ಏರಲಿ ಆಮೇಲೆ ಮಷೀನ್ ಕೇಳ್ತೀನಿ ಅಂತ ಕೂತ್ರೆ ಮಷೀನ್ ಎದ್ದೇಳೋ ಹೊತ್ತಿಗೆ ಮ್ಯಾಚ್ ಮುಗಿದಿರುತ್ತೆ.

ಗಣಿತದ_ಮೇಡಂ
ಇದಕ್ಕೆ ನನ್ನ ತಕರಾರಿಲ್ಲ. ಆದ್ರೆ ಕೇಂದ್ರದಲ್ಲಿ ಕೂತೋನೂ ಎಲ್ಲ ನೋಡಿ ಹಂಚ್ತಾನೆ ಅನ್ಕೋಬೇಡಿ. ಪಾಡ್ ಎಲ್ಲಿ ಕೂರ್ಬೇಕು ಅಂತ ಆರಿಸೋ ಕುಬರ್ನೆಟೀಸ್ ಶೆಡ್ಯೂಲರ್ 5000 ನೋಡ್ (ಮಷೀನ್) ಇದ್ರೆ ಡೀಫಾಲ್ಟ್ ಲೆಕ್ಕದಲ್ಲಿ ಜಾಗ ಇರೋ 10% ನೋಡ್ ಸಿಕ್ಕ ತಕ್ಷಣ ಹುಡುಕೋದು ನಿಲ್ಲಿಸಿ ಅವುಗಳಿಗೆ ಮಾತ್ರ ಅಂಕ ಹಾಕುತ್ತೆ. ಗೂಗಲ್‌ನ ಬೋರ್ಗ್ ಅನ್ನೋ ಕ್ಲಸ್ಟರ್ ವ್ಯವಸ್ಥೆ ಕೂಡ ಮಷೀನ್‌ಗಳನ್ನ ಮನಬಂದ ಕ್ರಮದಲ್ಲಿ ನೋಡ್ತಾ ಹೋಗಿ, ಸಾಕಷ್ಟು ಸಿಕ್ಕ ಮೇಲೆ ನಿಲ್ಲಿಸ್ತಿತ್ತು, ಅವರ 2015ರ ಪ್ರಬಂಧದಲ್ಲೇ ಇದೆ. ಯಜಮಾನನೂ ಕೊನೆಗೆ ಸ್ಯಾಂಪಲ್ ನೋಡೋನೇ.

ಪಿ99_ಪೇಚಾಟ
ಕೋಟಾ ವಿಷಯಕ್ಕೆ ನಡುದಾರಿ ಇದೆ. 12,000ದ ಮಿತಿಯನ್ನ 60 ಪಾಡ್‌ಗೆ 200ರಂತೆ ಕೆತ್ತಿಟ್ರೆ ಒಂದು ಕಡೆ 150 ಬಂದು 50 ವ್ಯರ್ಥ, ಇನ್ನೊಂದು ಕಡೆ 250 ಬಂದು 50 ಜನಕ್ಕೆ "ಇಲ್ಲ". ಪ್ರತಿ ರಿಕ್ವೆಸ್ಟ್‌ಗೂ ರೆಡಿಸ್ (ಕೇಂದ್ರದ ಎಣಿಕೆ ಇಡೋ ವೇಗದ ಡೇಟಾಬೇಸ್) ಕೇಳಿದ್ರೆ ರೆಡಿಸ್‌ಗೇ ಸೆಕೆಂಡಿಗೆ 12,000, ಜೊತೆಗೆ ಪ್ರತಿ ಕರೆಗೂ ಒಂದು ಸುತ್ತು ಲೇಟೆನ್ಸಿ. ಟೋಕನ್ನನ್ನ (ಒಂದು ರಿಕ್ವೆಸ್ಟ್‌ಗೆ ಒಂದು ಅನುಮತಿ ಚೀಟಿ) ಸಗಟು ತಗೊಳ್ಳಿ: ಒಂದ್ಸಲಕ್ಕೆ 50, ಆಯುಸ್ಸು 1 ಸೆಕೆಂಡ್. ಕೇಂದ್ರಕ್ಕೆ ಸೆಕೆಂಡಿಗೆ 240 ಕರೆ ಸಾಕು. ಅವಧಿಯ ಗಡಿಯಲ್ಲಿ ಮಿತಿ ಮೀರೋದು ಹೆಚ್ಚೆಂದ್ರೆ 60 × 50 = 3000. ಅದು ಜಾಸ್ತಿ ಅನ್ಸಿದ್ರೆ 20 ತಗೊಳ್ಳಿ, ಕರೆ 600 ಆಗುತ್ತೆ. ಕೇಂದ್ರ ಸತ್ರೆ ಏನು ಅಂತ ಮೊದಲೇ ಬರೆದಿಡಿ: ಪಾಡ್ ತಲೆಗೆ 150 ಅನ್ನೋ ಸುರಕ್ಷಿತ ಮಿತಿಗೆ ಬೀಳ್ಬೇಕು. ಸೊನ್ನೆಗೂ ಅಲ್ಲ, ಮಿತಿಯೇ ಇಲ್ಲ ಅನ್ನೋದಕ್ಕೂ ಅಲ್ಲ.

ಎಡದಂಡೆ_ಕಾಲುವೆ
ನೋಡಿ, ನೀರಗಂಟಿ ಬಂದೇ ಬಿಟ್ಟ. ಗದ್ದೆ ಗದ್ದೆಗೆ ಓಡಾಡಲ್ಲ, ತೂಬಿನ ಹತ್ರ ಕೂತಿರ್ತಾನೆ ಅಷ್ಟೇ.

ಲೋಡ್_ಶೆಟ್ಟಿ
ಎಲ್ರಿಗೂ ಧನ್ಯವಾದ. ಹೀಗೆ ಮಾಡ್ತೀನಿ: 5 ಸೆಕೆಂಡಿನ ಪಟ್ಟಿ ತೆಗೀತೀನಿ. 12ರ ಉಪಗಣ, ಪುಟ್ಟ ಹೇಳಿದ ಕ್ರಮದಲ್ಲಿ. ಉತ್ತರದ ಹೆಡರ್‌ನಲ್ಲಿ ಪಾಡ್‌ನ ಸಿಪಿಯು, ಅದರಿಂದ ಎರಡು ಆಯ್ಕೆ. ರೀಟ್ರೈ ಬಜೆಟ್ 10%. ಎರರ್‌ಗೆ ದಂಡ.

ಗಣಿತದ_ಮೇಡಂ
ಹೆಡರ್‌ನಲ್ಲಿ ಸಿಪಿಯು ಬೇಡ ಶೆಟ್ರೇ. ಸಿಪಿಯು ಅನ್ನೋದು ಯಾವುದೋ ಕಿಟಕಿಯ ಸರಾಸರಿ, ಹುಟ್ಟುವಾಗಲೇ ಹಳೇದು. ನಡೀತಿರೋ ರಿಕ್ವೆಸ್ಟ್ ಎಣಿಕೆ ಆ ಕ್ಷಣದ್ದು. ಯೂಟ್ಯೂಬ್‌ಗೆ ಹಾಕಿದ ಪ್ರೀಕ್ವಲ್ ಅನ್ನೋ ಲೋಡ್ ಬ್ಯಾಲೆನ್ಸರ್ ಬಗ್ಗೆ ಗೂಗಲ್‌ನವರು 2024ರಲ್ಲಿ ಬರೆದಿದ್ದರ ತಿರುಳೂ ಇದೇ: ಸಿಪಿಯು ಸಮ ಮಾಡೋಕೆ ಹೋಗ್ಬೇಡಿ, ನಡೀತಿರೋ ಎಣಿಕೆ ಮತ್ತು ಲೇಟೆನ್ಸಿ ನೋಡಿ ಆರಿಸಿ.

ಪಿ99_ಪೇಚಾಟ
ಎಣಿಕೆ ಎಲ್ಲಿಂದ ತಗೋತೀರಿ ಅನ್ನೋದನ್ನೂ ನೋಡ್ಕೊಳ್ಳಿ. ಹ್ಯಾಂಡ್ಲರ್ ಒಳಗೆ ಎಣಿಸಿದ್ರೆ ಥ್ರೆಡ್ ಪೂಲ್ (ಒಟ್ಟಿಗೆ ಕೆಲಸ ಮಾಡೋ ಥ್ರೆಡ್‌ಗಳ ಗುಂಪು) ಗಾತ್ರ ದಾಟಿ ಸಂಖ್ಯೆ ಏರೋದೇ ಇಲ್ಲ. ಪೂಲ್ 16 ಇದ್ರೆ ಹೊರಗೆ 200 ಕಾಯ್ತಿದ್ರೂ 16 ಅಂತಲೇ ಹೇಳುತ್ತೆ. ಕನೆಕ್ಷನ್‌ನಿಂದ ಓದಿದ ತಕ್ಷಣ ಕೂಡಿಸಿ, ಉತ್ತರ ಬರೆದ ಮೇಲೆ ಕಳೀರಿ.

ಸಾಲಲ್ಲಿ_ನಿಂತವ
ಮತ್ತೆ ಸಂಖ್ಯೆಗೆ ಎಕ್ಸ್‌ಪೈರಿ. ಒಂದು ಪಾಡ್ ಒಮ್ಮೆ "40" ಅಂದಿದ್ದು ಕ್ಲೈಂಟ್ ತಲೆಯಲ್ಲಿ ಕೂತ್ರೆ ಪ್ರತಿ ಹೋಲಿಕೆಯಲ್ಲೂ ಸೋಲುತ್ತೆ, ಸೋತಿದ್ದಕ್ಕೆ ಯಾರೂ ಕರೆಯಲ್ಲ, ಕರೆಯದಿದ್ದಕ್ಕೆ ಹೊಸ ಸಂಖ್ಯೆ ಬರಲ್ಲ. 1 ಸೆಕೆಂಡ್ ದಾಟಿದ್ರೆ ಆ ಅಂಕ ಬಿಸಾಕಿ, ಮಿಕ್ಕ 11ರ ಸರಾಸರಿ ಅಂತ ಹಿಡೀರಿ.

ಲೋಡ್_ಶೆಟ್ಟಿ
ಬರೆದುಕೊಂಡೆ. ಆ ಥ್ರೆಡ್ ಪೂಲ್ ಸರಿಯಾಗಿ 16 ಇದೆ, ಹೇಗೆ ಗೊತ್ತಾಯ್ತು ಮಾರಾಯ್ರೆ?

ಪಿ99_ಪೇಚಾಟ
8 ಕೋರ್ ಅಂದ್ರಲ್ಲ. ಎಲ್ರೂ ಎರಡರಿಂದ ಗುಣಿಸೋದೇ 😄